ತಾತ ತಂದ ಸಕ್ಕರೆ ಗೊಂಬೆ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಸೊಸೆಯ ಕಡೆ ಬೆರಳು ತೋರಿಸುವುದು ಬೇಡ.

ನವೆಂಬರ್ ಎರಡು ನಮ್ಮ ಸಿಸಿಲಿಯಲ್ಲಿ ಸತ್ತವರ ಹಬ್ಬ. ಮನೆಯಲ್ಲಿ ತೀರಿಕೊಂಡ ಹಿರಿಯರು ಹಿಂದಿನ ರಾತ್ರಿ ಸಮಾಧಿಯಿಂದ ಎದ್ದು ಬಂದು, ಮಕ್ಕಳಿಗಾಗಿ ಆಟದ ಸಾಮಾನು, ಬಣ್ಣಬಣ್ಣದ ಸಕ್ಕರೆ ಗೊಂಬೆ ಬಚ್ಚಿಟ್ಟು ಹೋಗುತ್ತಾರೆ. ಬೆಳಿಗ್ಗೆ ಮಕ್ಕಳು ಮನೆಯೆಲ್ಲ ಜಾಲಾಡಿ ಅದನ್ನು ಹುಡುಕಬೇಕು. ನಾನೂ ಹುಡುಕಿದ್ದೇನೆ, ನನ್ನ ಮಗ ಸಾರೊನೂ ಹುಡುಕಿದ್ದಾನೆ. ಸಾರೊನ ಮದುವೆಯಾಗಿ ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಹುಡುಕುವವರೇ ಇರಲಿಲ್ಲ. ಈ ವರ್ಷ ರಾಲಿತ್ಸಾ ಇದ್ದಳು. ಸಂಭ್ರಮಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ರಾಲಿತ್ಸಾಗೆ ಏಳು ವರ್ಷ. ಸಾರೊ ಮತ್ತು ಅವನ ಹೆಂಡತಿ ಇವಾನಾ ಅವಳನ್ನು ಜೂನ್ ತಿಂಗಳಲ್ಲಿ ಬಲ್ಗೇರಿಯಾದ ಅನಾಥಾಲಯದಿಂದ ದತ್ತು ತಂದರು. ಪಾದ್ರಿಗಳು ಭಾನುವಾರದ ಪೂಜೆಯಲ್ಲಿ ಇಡೀ ಊರಿನೆದುರು ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದರು. ನಮ್ಮ ಮಾತು ಬೇಗ ಕಲಿತಳು. ತಟ್ಟೆಯಲ್ಲಿ ಒಂದಗುಳೂ ಬಿಡುವುದಿಲ್ಲ, ಹಟವಿಲ್ಲ, ಅಳುವಿಲ್ಲ. ಊರವರು ಎಂಥ ಒಳ್ಳೆಯ ಹುಡುಗಿ ಎಂದು ಹೊಗಳುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ದಿಗಿಲು. ಏಳು ವರ್ಷದ ಮಗು ಅಷ್ಟು ಒಳ್ಳೆಯದಾಗಿ ಇರಬಾರದು.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅವಳನ್ನು ಸಮಾಧಿ ತೊಳೆಯಲು ಕರೆದುಕೊಂಡು ಹೋದೆ. ನನ್ನ ಗಂಡ ಗಾಯೆತಾನೊ ತೀರಿಕೊಂಡು ಒಂಬತ್ತು ವರ್ಷ. ಕಲ್ಲಿನ ಮೇಲಿನ ಅವರ ಫೋಟೊ ಒರೆಸುತ್ತಾ ಹೇಳಿದೆ:

"ನೋಡು, ಇವ್ರೇ ನಿನ್ ತಾತ. ಹಬ್ಬಕ್ಕೆ ನಿನಗೋಸ್ಕರ ಮನೇಗೆ ಬರ್ತಾರೆ. ಉಡುಗೊರೆ ತರ್ತಾರೆ."

"ನನಗೋಸ್ಕರಾನಾ?"

"ಇನ್ಯಾರಿಗೆ, ನನ್ನ ಈ ಹಾಳು ಮೊಣಕಾಲಿಗಾ?"

ಅವಳು ನಗಲಿಲ್ಲ. ನಾಚಿಕೊಂಡಳು ಎಂದುಕೊಂಡೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಹಬ್ಬದ ಬೆಳಿಗ್ಗೆ ಏಳು ಗಂಟೆಗೆ ಇವಾನಾ ಕೂಗಿದ ಕೂಗಿಗೆ ನನ್ನ ಕೈಯಲ್ಲಿದ್ದ ಕಾಫಿ ಚೆಲ್ಲಿತು. ಹಾಸಿಗೆ ಖಾಲಿ. ಕೋಟು ಇಲ್ಲ, ಶಾಲೆಯ ಚೀಲ ಇಲ್ಲ. ಒಲೆಯ ಗೂಡಿನಲ್ಲಿ ನಾನು ಬಚ್ಚಿಟ್ಟಿದ್ದ ಉಡುಗೊರೆಯೂ ಇಲ್ಲ. ಬೀದಿ ಬಾಗಿಲು ಸುಮ್ಮನೆ ಒರಗಿಸಿತ್ತು.

"ಹೊರಟುಹೋದ್ಲು, ಅತ್ತೆ," ಎಂದಳು ಇವಾನಾ. "ಚೀಲ ತಗೊಂಡು ಹೋಗಿದ್ದಾಳೆ. ನಾವು ಬೇಡ ಅವಳಿಗೆ."

"ಹುಚ್ಚಿ, ಏಳು ವರ್ಷದ್ದು ಎಲ್ಲಿಗ್ ಹೋಗುತ್ತೆ?"

"ನೀವು ಆ ತುರಿಮಣೆ ಕಥೆ ಹೇಳಿದ್ರಾ?"

ತುಂಟ ಮಕ್ಕಳ ಪಾದವನ್ನು ಸತ್ತವರು ಚೀಸ್ ತುರಿಯುವ ಮಣೆಯಿಂದ ತುರಿಯುತ್ತಾರೆ ಎಂದು ನಾವು ಚಿಕ್ಕವರಿದ್ದಾಗ ಹೆದರಿಸುತ್ತಿದ್ದರು. "ಇಲ್ಲಮ್ಮ, ಮೇರಿ ಮಾತೆಯಾಣೆ ಹೇಳಿಲ್ಲ," ಎಂದೆ. ನಿಜವಾಗಿಯೂ ಹೇಳಿರಲಿಲ್ಲ.

ಸಾರೊ ಬಸ್ ನಿಲ್ದಾಣಕ್ಕೆ ಓಡಿದ. ಇವಾನಾ ಪೊಲೀಸರಿಗೆ ಫೋನು ಮಾಡಲು ಹೋಗಿ ಎರಡು ಸಲ ಫೋನು ಕೆಳಗೆ ಹಾಕಿದಳು. ನಾನು ಹಿತ್ತಲಿಗೆ ಹೋದೆ. ಅಲ್ಲಿ ಮಳೆನೀರಿನ ಹಳೆಯ ತೊಟ್ಟಿಯಿದೆ, ಎರಡಾಳು ಆಳ, ಮೇಲೆ ಮರದ ಮುಚ್ಚಳ. ಮುಚ್ಚಳ ಸ್ವಲ್ಪ ಸರಿದಿತ್ತು. ಯಾವಾಗಲೂ ಸರಿದೇ ಇರುತ್ತದೋ, ಇವತ್ತು ಸರಿದದ್ದೋ, ನೆನಪಾಗಲಿಲ್ಲ. ಅದನ್ನು ಎಳೆದು ಬಗ್ಗಿ ನೋಡಿದೆ. ಕಪ್ಪು ನೀರು, ಅದರಲ್ಲಿ ನನ್ನ ಮುಖ. ಕೋಲು ಹಾಕಿ ತಡಕಿದೆ. ಏನೋ ಮೆತ್ತಗೆ ತಗುಲಿತು. ಮೇಲೆತ್ತಿದರೆ ಕೊಳೆತ ಗೋಣಿಚೀಲ. ಅಲ್ಲೇ ಕುಸಿದು ಕೂತು ದೇವರನ್ನು ಬಾಯಿಗೆ ಬಂದಂತೆ ಬೈದೆ, ಆಮೇಲೆ ಕ್ಷಮೆ ಕೇಳಿದೆ.

ಬೀದಿಗೆ ಬಂದರೆ ಎದುರು ಮನೆಯ ಮೆಲಿನಾ ಬಾಗಿಲಲ್ಲೇ ನಿಂತಿದ್ದಳು.

"ರಕ್ತ ಅಂತ ಒಂದಿರುತ್ತಲ್ಲ ನುನ್ಸಿಯಾ. ಎಷ್ಟು ಮಾಡಿದ್ರೂ ಹೊರಗಿನವ್ರು ಹೊರಗಿನವ್ರೇ."

"ನಿನ್ನ ರಕ್ತ ಅನ್ನಿಸ್ಕೊಂಡ ಮಗ ಮಿಲಾನಿಂದ ಫೋನ್ ಮಾಡಿ ಎಷ್ಟು ತಿಂಗ್ಳಾಯ್ತೇ? ಬಾಯ್ ಮುಚ್ಕೊಂಡು ಆ ಕಡೆ ಬೀದೀಲಿ ಹುಡುಕು, ಹೋಗು!"

ಹೋದಳು, ಪಾಪ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೋದಳು.

ಕೋಟು ಹಾಕಿಕೊಳ್ಳಲು ಒಳಗೆ ಬಂದಾಗ ಅದು ಕಣ್ಣಿಗೆ ಬಿತ್ತು. ಮೇಜಿನ ಮೇಲೆ ಗಾಯೆತಾನೊನ ಫೋಟೊ ಇರುತ್ತದೆ. ಯಾರೋ ಅದನ್ನು ಗೋಡೆಯ ಕಡೆ ತಿರುಗಿಸಿದ್ದರು. ಮುಂದೆ ಒಂದು ಕುರ್ಚಿ ಬೇರೆ ಅಡ್ಡ ಇಟ್ಟಿದ್ದರು, ಒಳಗಿರುವವರು ಎದ್ದು ಬರದ ಹಾಗೆ. ಕುರ್ಚಿ ಹಿಡಿದುಕೊಂಡು ಒಂದು ಕ್ಷಣ ನಿಂತೆ. ಈ ಮನೆಯಲ್ಲಿ ಮಗು ಅಷ್ಟೊಂದು ಹೆದರಿಕೊಂಡಿತ್ತು, ಪಕ್ಕದ ಕೋಣೆಯಲ್ಲಿ ನಾನು ಗೊರಕೆ ಹೊಡೆದಿದ್ದೆ.

ಉಡುಗೊರೆ ಹಿಡಿದು ಅವಳು ಎಲ್ಲಿಗೆ ಹೋಗಿರಬಹುದು ಎಂದು ಆಗ ಹೊಳೆಯಿತು. ಸ್ಮಶಾನಕ್ಕೆ ಹದಿನೈದು ನಿಮಿಷದ ದಾರಿ. ನಡುವೆ ಲಾರಿ ಓಡಾಡುವ ಹೆದ್ದಾರಿ ದಾಟಬೇಕು. ಅದರ ಬದಿಯಲ್ಲಿ ಜನ ಗುಂಪಾಗಿ ನಿಂತದ್ದು ಕಂಡು ನಡುವೆ ನುಗ್ಗಿ ನೋಡಿದೆ. ಸೇವಂತಿಗೆ ಮಾರುವ ಗಾಡಿಯ ಸುತ್ತ ಕೊಳ್ಳುವವರು, ಅಷ್ಟೇ. ನೂಕಿಕೊಂಡು ನಡೆದೆ.

ಗಾಯೆತಾನೊನ ಸಮಾಧಿಯ ಮುಂದೆ ಅವಳಿದ್ದಳು. ಖಾಲಿ ಚೀಲ ಎದೆಗೆ ಒತ್ತಿಕೊಂಡಿದ್ದಳು. ಕಲ್ಲಿನ ಮೇಲೆ ಸಕ್ಕರೆ ಗೊಂಬೆ, ಬಣ್ಣದ ಪೆನ್ಸಿಲು, ಹೊಸ ಕೈಚೀಲ, ಎಲ್ಲವನ್ನೂ ಸಾಲಾಗಿ ಜೋಡಿಸಿ ಫೋಟೊಗೆ ಹೇಳುತ್ತಿದ್ದಳು:

"ತಗೊಳ್ಳಿ. ಎಲ್ಲಾ ಇದೆ. ನಾನೊಂದೂ ತಿಂದಿಲ್ಲ. ನಾನು ಬರಲ್ಲ."

ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಬೆಚ್ಚಿಬೀಳುತ್ತಾಳೇನೋ ಎಂದು ಮೆಲ್ಲಗೆ ಪಕ್ಕದಲ್ಲಿ ಕೂತೆ.

"ಎಲ್ಲಿಗ್ ಬರಲ್ಲ, ಚಿನ್ನಾ?"

ಅವಳು ನೆಲ ತೋರಿಸಿದಳು. "ಇದರೊಳಗೆ."

"ಯಾರು ನಿನ್ನ ಅಲ್ಲಿಗ್ ಕರ್ಕೊಂಡ್ ಹೋಗ್ತಾರೆ?"

"ಉಡುಗೊರೆ ತಂದವ್ರು ಕರ್ಕೊಂಡ್ ಹೋಗ್ತಾರೆ," ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ನಾನ್ ಮೊದ್ಲಿದ್ದ ಕಡೆ ಹಾಗೇ. ಒಬ್ರು ಕರಡಿ ತಂದ್ರು, ದೆಸಿಸ್ಲಾವಾನ ಕರ್ಕೊಂಡ್ ಹೋದ್ರು. ಒಬ್ರು ಕಾರ್ ತಂದ್ರು, ಮಿರೊನ ಕರ್ಕೊಂಡ್ ಹೋದ್ರು. ಹೋದವ್ರು ಯಾರೂ ವಾಪಸ್ ಬರಲ್ಲ ಅಜ್ಜಿ. ನಂಗೂ ಗೊಂಬೆ ತಂದ್ರು."

ಜೂನ್‌ನಲ್ಲಿ ಅನಾಥಾಲಯಕ್ಕೆ ಗೊಂಬೆ ಒಯ್ದವರು ಸಾರೊ ಮತ್ತು ಇವಾನಾ. ಆ ಗೊಂಬೆಯನ್ನು ಆರಿಸಲು ಇವಾನಾ ಇಡೀ ದಿನ ಅಂಗಡಿ ಅಲೆದಿದ್ದಳು. ಅದನ್ನು ಕೈಗೆ ತೆಗೆದುಕೊಂಡ ದಿನ ಈ ಮಗು ಎಷ್ಟು ಹೆದರಿರಬೇಕು, ಐದು ತಿಂಗಳು ನಾವು ಯಾರೂ ಯೋಚಿಸಿರಲಿಲ್ಲ.

ನಮ್ಮಲ್ಲಿ ಯಾವ ಅಜ್ಜಿಯೂ ಹೇಳದ ಮಾತನ್ನು ಆಗ ಹೇಳಿದೆ.

"ತಾತ ಏನೂ ತಂದಿಲ್ಲ. ಸತ್ತವ್ರು ಎಲ್ಲಿಗೂ ಬರಲ್ಲ. ಇದೆಲ್ಲಾ ನಾನೇ ಸಂತೇಲಿ ತಂದಿದ್ದು."

ಪಕ್ಕದ ಸಮಾಧಿಯ ಹೆಂಗಸು ತನ್ನ ಮಗನ ಕಿವಿ ಮುಚ್ಚಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ನೋಡಲಿ.

ರಾಲಿತ್ಸಾ ಎದ್ದು ನಿಂತಳು. ಚೀಲ ಅಪ್ಪಿಕೊಂಡು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ಹಾಗಾದ್ರೆ ನೀನು ನನ್ನ ಎಲ್ಲಿಗ್ ಕರ್ಕೊಂಡ್ ಹೋಗ್ತೀಯಾ?"

"ಎಲ್ಲಿಗೂ ಇಲ್ಲ ಕಂದಾ. ಮನೆಗೆ. ನಮ್ಮನೆಗೆ."

ಅವಳು ನಂಬಲಿಲ್ಲ. ನನ್ನ ಕೈ ಚಾಚಿದರೆ ಇನ್ನೂ ಒಂದು ಹೆಜ್ಜೆ ಸರಿದಳು. ಹಿಂದೆ ಜನ, ಗೇಟು, ಅದರಾಚೆ ಹೆದ್ದಾರಿ. ನಾನು ಅಲುಗಾಡದೆ ಕೂತು ಫೋನಿನಲ್ಲಿ ಪಿಸುಗುಟ್ಟಿದೆ, "ಇವಾನಾ, ನಿನ್ ಮಾವನ ಸಮಾಧಿ ಹತ್ರ ಇದ್ದಾಳೆ. ಬೇಗ ಬಾ."

ಅವಳು ಬರುವವರೆಗೆ ನಾನು ಪ್ರಾರ್ಥನೆಯನ್ನೂ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಓಡಿಬಿಟ್ಟಾಳೆಂದು ಹೆದರಿಕೆ.

ಇವಾನಾ ಮನೆಯ ಚಪ್ಪಲಿಯಲ್ಲೇ, ಕೂದಲು ಕೆದರಿಕೊಂಡು, ಸಮಾಧಿಗಳ ನಡುವೆ ಎಡವುತ್ತಾ ಓಡಿ ಬಂದಳು. ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು, ಹತ್ತಿರ ಬರಲು ಅವಳಿಗೂ ಭಯ.

ಹುಡುಗಿ ಮೊದಲು ಅವಳ ಕೈ ನೋಡಿದಳು. ಬಲಗೈ, ಆಮೇಲೆ ಎಡಗೈ. ಎರಡೂ ಖಾಲಿ. ಆಗ ಚೀಲ ಬಿಸಾಡಿ ಅವಳ ಕಡೆ ಓಡಿದಳು.