ಓರೆ ಭುಜದ ಕೋಟು

ಊರಿನ ಅರ್ಧ ಜನರ ಭುಜಗಳನ್ನು ಕೋಟಿನೊಳಗೆ ಸಮ ಮಾಡಿ ಕೂರಿಸಿದ ನನ್ನ ಗೆಳೆಯ, ಬದುಕಿನ ಕೊನೆಯ ಮೂರು ವರ್ಷ, ಬಲಭುಜ ಒಂದು ಬೆರಳಿನಷ್ಟು ಮೇಲೆದ್ದ ಓರೆ ಕೋಟನ್ನೇ ತೊಟ್ಟು ಓಡಾಡಿದ. ದರ್ಜಿಯೊಬ್ಬನಿಗೆ ಇದಕ್ಕಿಂತ ಕೆಟ್ಟ ಜಾಹೀರಾತು ಬೇಕೆ? "ತನ್ನ ಕೋಟನ್ನೇ ನೆಟ್ಟಗೆ ಹೊಲ್ಕೊಳ್ಳೋಕೆ ಬರಲ್ಲ, ಇನ್ನು ನಿಮ್ಮದನ್ನ ಹೊಲಿದು ಕೊಡ್ತಾನಂತೆ," ಎಂದು ಎದುರು ಸಾಲಿನ ಚಪ್ಪಲಿ ಅಂಗಡಿಯವನು ಅವನಿಗೆ ಕೇಳಿಸುವಂತೆಯೇ ಗಿರಾಕಿಗಳಿಗೆ ಹೇಳುತ್ತಿದ್ದ. ಇವನು ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ, "ಹೌದಪ್ಪಾ, ನಿನ್ನ ಚಪ್ಪಲಿ ಹಾಕ್ಕೊಂಡು ನಡೆದೂ ನಡೆದೂ ಹೀಗಾಗಿದೆ," ಎನ್ನುತ್ತಿದ್ದ. ಕಳೆದ ತಿಂಗಳು ಒಂದು ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಗೆ ಒರಗಿದವನು ಮತ್ತೆ ಏಳಲಿಲ್ಲ. ಕೋಟು ಇನ್ನೂ ಅಂಗಡಿಯ ಮೊಳೆಯಲ್ಲಿದೆ. ಆ ಓರೆಯ ಕಥೆ ಗೊತ್ತಿರುವವರು ಈಗ ಇಬ್ಬರೇ: ಅವನ ಹೆಂಡತಿ ಮತ್ತು ನಾನು.

ಹಗಲು ಹೊಲಿಗೆ, ಸಂಜೆ ಆರರಿಂದ ಏಳೂವರೆಯವರೆಗೆ ಅದೇ ಅಂಗಡಿಯಲ್ಲಿ ಕಂಠದ ಪಾಠ. ಅವನು ಹಾಡು ಕಲಿಸುತ್ತಿರಲಿಲ್ಲ, ಹಾಡುವುದಕ್ಕೆ ಬೇಕಾದ ಉಸಿರು ಮತ್ತು ಗಂಟಲನ್ನು ಹದಗೊಳಿಸುತ್ತಿದ್ದ. ಬಂದವರ ಕೆಳಪಕ್ಕೆಲುಬುಗಳ ಸುತ್ತ ಅಳತೆಯ ಟೇಪು ಸುತ್ತಿ, "ಉಸಿರು ತಗೊಳ್ಳಿ," ಎನ್ನುವನು. ಬಂದವರು ಎದೆಯುಬ್ಬಿಸಿ ಭುಜವನ್ನು ಕಿವಿಯತನಕ ಒಯ್ಯುವರು. "ಇಳಿಸಿ, ಇಳಿಸಿ. ಉಸಿರು ಬೇಕಾಗಿರೋದು ಪಕ್ಕೆಗೆ, ಕಿವಿಗಲ್ಲ!" ಪಕ್ಕೆ ಹಿಗ್ಗಿ ಟೇಪು ಎರಡು ಬೆರಳು ಜರುಗಬೇಕು, ಆ ಸುದ್ದಿ ಭುಜಕ್ಕೆ ಮುಟ್ಟಬಾರದು. ಭುಜ ಎದ್ದರೆ ಕುತ್ತಿಗೆ ಬಿಗಿಯುತ್ತದೆ, ಕುತ್ತಿಗೆ ಬಿಗಿದರೆ ದನಿ ಒಡೆಯುತ್ತದೆ: ಅವನ ಶಾಸ್ತ್ರವೆಲ್ಲ ಇಷ್ಟೇ. ಜನ ಅವನನ್ನು 'ಟೇಪು ಮೇಷ್ಟ್ರು' ಎಂದು ಕರೆದರು. 'ಇಳಿಸು' ಎನ್ನುವುದು ಅವನ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಬಾಡಿಗೆ ಮನೆಯವರ ಮೇಲೆ ನಾನು ಕೂಗಾಡುತ್ತ ಬಂದ ದಿನವೂ ಮೊದಲು ಅಂದದ್ದು ಅದನ್ನೇ. ಇಳಿಸಿದೆ. ಅರ್ಧ ಸಿಟ್ಟೂ ಇಳಿಯಿತು.

ಅವನ ಜೊತೆ ನಡೆಯುವುದೇ ಒಂದು ಶಿಕ್ಷೆ. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಎಂಟು ಹೆಜ್ಜೆಗೆ ಹೊರಗೆ. ಲೆಕ್ಕ ಮುಗಿಯುವ ತನಕ ಮಾತಿಲ್ಲ. ನಾನು ಬೀದಿಯ ಈ ತುದಿಯಲ್ಲಿ ಕೇಳಿದ ಪ್ರಶ್ನೆಗೆ ಅಂಚೆ ಕಚೇರಿಯ ಹತ್ತಿರ ಉತ್ತರ ಬರುತ್ತಿತ್ತು. ಯಾರಾದರೂ ಕ್ಯಾಕರಿಸಿ ಗಂಟಲು ಸರಿಮಾಡಿಕೊಂಡರೆ ತನಗೇ ಏಟು ಬಿದ್ದವನಂತೆ ಮುಖ ಹಿಂಡಿ, ನೀರಿನ ಲೋಟವನ್ನು ಅವರ ಮುಂದೆ ತಳ್ಳುತ್ತಿದ್ದ.

ಇಪ್ಪತ್ತು ವರ್ಷ ಮಕ್ಕಳೆದುರು ಕೂಗಿ ದನಿ ಕಳೆದುಕೊಂಡ ಶಾಲೆಯ ಟೀಚರೊಬ್ಬರು ಅವನಲ್ಲಿಗೆ ಬಂದರು. ಡಾಕ್ಟರು ವಿಶ್ರಾಂತಿ ಹೇಳಿದ್ದರು. ಮುಂದೇನೆಂದು ಅವರಿಗೆ ಗೊತ್ತಿರಲಿಲ್ಲ. ಇವನು ಅರ್ಧ ಲೋಟ ನೀರಿಗೆ ಒಂದು ಸ್ಟ್ರಾ ಹಾಕಿ, "ಇದರೊಳಗೆ 'ಊ' ಅನ್ನಿ, ಗುಳ್ಳೆ ಬರಬೇಕು," ಎಂದ. ಟೀಚರು ಪಿಸುದನಿಯಲ್ಲಿ, "ಇದನ್ನ ಮಾಡಿದ ಮಕ್ಕಳನ್ನ ನಾನು ಬೆಂಚಿನ ಮೇಲೆ ನಿಲ್ಲಿಸಿದೀನಿ, ಮೇಷ್ಟ್ರೇ," ಎಂದರು. "ಹಾಗಾದ್ರೆ ನೀವೂ ನಿಂತೇ ಮಾಡಿ. ಆಮೇಲೆ ಆ ಪಿಸುಗುಟ್ಟೋದನ್ನ ಬಿಡಿ, ಅದು ಕೂಗೋದರ ತಂಗಿ." ನಾಲ್ಕು ತಿಂಗಳ ಮೇಲೆ ಅವರು ತರಗತಿಗೆ ಹಿಂತಿರುಗಿದರು. ಸಂಜೆಗಳಲ್ಲಿ ಹಾಡತೊಡಗಿದರು, ಅವನಿಗೇ ದಕ್ಕದಿದ್ದ ಆ ಮೇಲಿನ ಸ್ವರವನ್ನು ನೀರು ಕುಡಿದಷ್ಟು ಸಲೀಸಾಗಿ ಮುಟ್ಟಿದರು.

ಆ ಸ್ವರದ ಮಾತು ಈಗ ಹೇಳಲೇಬೇಕು. ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಊರಿನ ಸಂಗೀತ ಸಂಘದ ಸಭಾಂಗಣದಲ್ಲಿ ಒಬ್ಬನೇ ನಿಂತು ಹಾಡಿದ್ದ. ಮೂರನೆಯ ಚರಣದಲ್ಲಿ ಹಾಡು ಮೇಲೇರುವ ಕಡೆ ದನಿ ಒಡೆದು, ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತು. ಸಭೆ ನಕ್ಕಿತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ನಾನೂ ನಕ್ಕೆ. ಅವನು ಹಾಡನ್ನು ಅಲ್ಲಿಗೇ ನಿಲ್ಲಿಸಿ ಇಳಿದು ಹೋದ. ಕಂಠದ ವಿಚಾರವಾಗಿ ಸಿಕ್ಕಿದ್ದೆಲ್ಲ ಓದಿದ್ದು, ಬಲ್ಲವರನ್ನು ಕಾಡಿ ಕೇಳಿದ್ದು ಎಲ್ಲವೂ ಆಮೇಲಿನದು. ಅದೇ ಸಭಾಂಗಣದಲ್ಲಿ, ಅದೇ ಹಾಡನ್ನು, ಒಡೆಯದೆ ಒಂದು ಸಲ ಹಾಡಬೇಕು: ಅವನಿಗಿದ್ದ ಹಟ ಅದೊಂದೇ. ದಿನವೂ ಬೆಳಿಗ್ಗೆ ವೇದಿಕೆಗೆ ಹೊರಟವನಂತೆ ಕೋಟು ತೊಟ್ಟು, ಅಂಗಡಿಯ ನಿಲುಗನ್ನಡಿಯ ಮುಂದೆ ನಿಂತು ಸಾಧನೆ ಮಾಡುತ್ತಿದ್ದ. ಕನ್ನಡಿಯಲ್ಲಿ ಭುಜ ಸಮವಾಗಿಯೇ ಕಾಣುತ್ತಿತ್ತು. ಸ್ವರ ಮಾತ್ರ ಒಡೆಯುತ್ತಿತ್ತು.

ಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ ಕರೆಂಟು ಹೋಗಿ ಫ್ಯಾನು ನಿಂತಿತು. ನಾನು ಅಲ್ಲೇ ಇದ್ದೆ. ಅವನು ಕೋಟು ಕಳಚಿ ಬನಿಯನ್ನಿನಲ್ಲೇ ಹಾಡಿದ, ಎಂದಿನಂತೆ ದನಿ ಒಡೆಯಿತು. "ಎಲ್ಲಿ ತಪ್ತಾ ಇದೀನೋ ಗೊತ್ತಾಗ್ತಿಲ್ಲ," ಎಂದು ಗೋಡೆಗೆ ಹೇಳಿಕೊಂಡ. ಮೂಲೆಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದ ಅತ್ತಿಗೆ, ಅವನ ಹೆಂಡತಿ, ಕಣ್ಣೆತ್ತದೆಯೇ ಅಂದರು:

"ಬಲಗಡೆ ಭುಜ ಏಳುತ್ತಲ್ರೀ. ಬಸ್ಸಲ್ಲಿ ಕಂಬಿ ಹಿಡಿಯೋಕೆ ಹೋದ ಹಾಗೆ."

"ನನ್ನ ಭುಜಾನಾ? ಯಾವತ್ತಿಂದ?"

"ಮದುವೆ ಆದಾಗಿನಿಂದ."

"ಅಲ್ಲ ಕಣೇ, ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಿದ್ರಾ? ಊರಿಗೆಲ್ಲ ಇಳಿಸು ಇಳಿಸು ಅನ್ನೋ ಮೇಷ್ಟ್ರಿಗೆ ನಾನೆಲ್ಲಿ ಪಾಠ ಹೇಳಲಿ?"

ಅವನು ಕೋಟನ್ನು ಮೇಜಿನ ಮೇಲೆ ಹರವಿದ. ವರ್ಷಗಟ್ಟಲೆ ದೊಡ್ಡ ಕತ್ತರಿ ಹಿಡಿದು ಬಗ್ಗಿದ್ದಕ್ಕೆ ಅವನ ಬಲಭುಜ ಮೇಲೆದ್ದು ನಿಂತಿತ್ತು. ಅದು ಕಾಣದಿರಲೆಂದು ಅವನ ಕೈಯೇ, ಕೋಟು ಹೊಲಿದಾಗಲೆಲ್ಲ, ಎಡಭುಜಕ್ಕೆ ಒಂದು ಪ್ಯಾಡು ಹೆಚ್ಚು ಇಡುತ್ತ ಬಂದಿತ್ತು. ಗಿರಾಕಿಗಳ ಓರೆಕೋರೆ ಮುಚ್ಚುವ ಕೈ ಯಜಮಾನನದನ್ನೂ ಮುಚ್ಚಿತ್ತು. ಹಾಡುವಾಗ ಇನ್ನಷ್ಟು ಮೇಲೇಳುವ ಭುಜವನ್ನು ಆ ಗಟ್ಟಿ ಕೋಟು ಕನ್ನಡಿಗೆ ತೋರಿಸಿರಲಿಲ್ಲ. ಅವನು ಹೊಲಿಗೆ ಬಿಚ್ಚಿ, ಆ ಪ್ಯಾಡನ್ನು ತೆಗೆದು, ಮತ್ತೆ ಹೊಲಿದು ತೊಟ್ಟುಕೊಂಡ. ಕನ್ನಡಿಯಲ್ಲಿ ಓರೆಯಾದ ಒಬ್ಬ ಮನುಷ್ಯ ನಿಂತಿದ್ದ. "ಬಾಪ್ಪಾ," ಎಂದ ಅವನಿಗೆ, "ನಿನ್ನನ್ನೇ ಹುಡುಕ್ತಾ ಇದ್ದೆ."

ಅರವತ್ತರ ಅಂಚಿನಲ್ಲಿ ಮೊದಲ ದಿನದ ವಿದ್ಯಾರ್ಥಿಯಾದ. ತನ್ನ ಪಕ್ಕೆಗೆ ತಾನೇ ಟೇಪು ಸುತ್ತಿಕೊಂಡ. ಲೋಟದಲ್ಲಿ ಗುಳ್ಳೆ ಎಬ್ಬಿಸಿದ. ತುಟಿಗಳನ್ನು ಸಡಿಲ ಬಿಟ್ಟು ಕುದುರೆಯಂತೆ 'ಬುರ್ರ್' ಎನ್ನಿಸುತ್ತ ದನಿಯನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದ. ಅತ್ತಿಗೆ ಕಾಜಾ ಹೊಲಿಯುತ್ತಲೇ, "ಎದ್ದಿತು," "ಎದ್ದಿತು," ಎನ್ನುತ್ತಿದ್ದರು. ಎಂಟು ತಿಂಗಳಾದ ಮೇಲೆ ಒಂದು ದಿನ ಅವರು ಏನೂ ಅನ್ನಲಿಲ್ಲ.

ಆ ವರ್ಷ ಅವನು ಸಭಾಂಗಣದಲ್ಲಿ ಹಾಡಿದ. ಮೂರನೆಯ ಚರಣ ಬಂದಾಗ ನನ್ನ ಕಣ್ಣು ಅವನ ಬಲಭುಜದ ಮೇಲಿತ್ತು. ಸ್ವರ ಬಂತು: ದೊಡ್ಡದಾಗಿ ಅಲ್ಲ, ತೆಳ್ಳಗೆ, ನೆಟ್ಟಗೆ, ಬೇಕಾದಷ್ಟು ಹೊತ್ತು ನಿಂತು ಇಳಿಯಿತು. ಸಭೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ವಾಡಿಕೆಯ ಚಪ್ಪಾಳೆ ಬಿತ್ತು. ಕೆಳಗಿಳಿದು ಬಂದವನು ನನ್ನ ಪಕ್ಕ ಕುಳಿತು, "ಭುಜ?" ಎಂದ.

"ಏಳಲಿಲ್ಲ."

ನೀರು ಕುಡಿದು ಬಾಯೊರೆಸಿಕೊಂಡು, "ಈ ಸಲ ನೀನೂ ನಗಲಿಲ್ಲ," ಎಂದ. ನಲವತ್ತು ವರ್ಷ, ಅಂದು ನಾನು ನಕ್ಕದ್ದನ್ನು ಅವನು ನೋಡಿರಲಿಲ್ಲವೆಂದೇ ನಾನು ತಿಳಿದಿದ್ದೆ.

ಕೆಲಸ ಮುಗಿದರೂ ಅವನು ಆ ಪ್ಯಾಡನ್ನು ಮತ್ತೆ ಹಾಕಲಿಲ್ಲ. ಕೇಳಿದರೆ, "ಮತ್ತೆ ಮುಚ್ಚಿದ್ರೆ ಮತ್ತೆ ಮರೀತೀನಿ," ಎಂದ.

ಮೊನ್ನೆ ಸಂಘದವರು ಗೋಡೆಗೆ ಹಾಕಲೆಂದು ಅವನ ಫೋಟೋ ದೊಡ್ಡದು ಮಾಡಿಸಿದರು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಎರಡೂ ಭುಜಗಳನ್ನು ಸಮ ಮಾಡಿ, "ಓರೆ ಇತ್ತು ಸಾರ್, ಸರಿ ಮಾಡಿದೀನಿ," ಎಂದು ಸಂತೋಷದಿಂದ ಕೊಟ್ಟ. ಅತ್ತಿಗೆ ಒಂದು ಗಳಿಗೆ ನೋಡಿ ನನ್ನ ಕೈಗಿತ್ತರು. "ಇವರು ಯಾರೋ ಬೇರೆ. ಹೋಗಿ ನಮ್ಮವರನ್ನ ಕರ್ಕೊಂಡು ಬನ್ನಿ." ನಾನು ಸ್ಟುಡಿಯೋಗೆ ಹಿಂತಿರುಗಿ ನಡೆದೆ, ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಎಂಟು ಹೆಜ್ಜೆಗೆ ಹೊರಗೆ.

ಕಲಿಸುವವರು ಬಹಳ ಜನ. ಪರರ ತಪ್ಪು ಕಾಣುವ ಕಣ್ಣೂ ಅಪರೂಪದ್ದಲ್ಲ. ತನ್ನ ಕೈಯೇ ನಾಜೂಕಾಗಿ ಹೊಲಿದು ಮುಚ್ಚಿದ್ದನ್ನು, ಮುಪ್ಪಿನ ಹೊಸ್ತಿಲಲ್ಲಿ, ಹೆಂಡತಿಯ ಒಂದು ಮಾತಿಗೆ ಬಿಚ್ಚಿ ಹಾಕಿ, ಆ ಓರೆಯನ್ನು ಊರಿನೆದುರು ತೊಟ್ಟು ನಡೆಯುವವರು ಮಾತ್ರ ಎಲ್ಲೋ ಒಬ್ಬರು. ಅಂಥವರ ದನಿ ಎತ್ತರಕ್ಕೆ ಏರುವುದು ಒಂದೇ ಸಲವಿರಬಹುದು, ಅದೂ ಯಾರೂ ಗಮನಿಸದಷ್ಟು ಮೆಲ್ಲಗೆ. ಕೇಳಿದವರ ಭುಜ ಮಾತ್ರ ಅಂದಿನಿಂದ ತುಸು ಇಳಿದೇ ಇರುತ್ತದೆ.