ತಂಗಿಗೆ ಕೊಟ್ಟ ಮುನಿಸು

ಚಳಿಗಾಲದ ಒಂದು ಬೆಳಿಗ್ಗೆ, ಅಂಗಡಿ ಬಾಗಿಲು ತೆರೆದು ಇನ್ನೂ ಕೈ ಬೆಚ್ಚಗಾಗಿರಲಿಲ್ಲ, ಆಸ್ಪತ್ರೆಯಿಂದ ಫೋನು ಬಂತು. ತಂಗಿಗೆ ರಕ್ತದ ಕ್ಯಾನ್ಸರ್. ಔಷಧಿಗೆ ಒಮ್ಮೆ ಬಗ್ಗಿದ್ದು ಮತ್ತೆ ತಲೆಯೆತ್ತಿತ್ತು. ಉಳಿದ ದಾರಿ ಅಸ್ಥಿಮಜ್ಜೆಯ ಕಸಿ ಒಂದೇ. ಪರೀಕ್ಷೆಗೆ ಕೊಟ್ಟಿದ್ದ ನನ್ನ ರಕ್ತ ನೋಡಿ, ಅದಕ್ಕೆ ನಾನು ಪೂರ್ತಿ ಹೊಂದುತ್ತೇನೆ ಎಂದರು.

ನಾನು ಬೀಗ ರಿಪೇರಿಯವನು. ಹೊಂದುತ್ತದೆ ಎಂದರೆ ಕೀಲಿ ಕೂತಿತು, ಕೆಲಸ ಮುಗಿಯಿತು ಎಂದುಕೊಂಡು, ಆಸ್ಪತ್ರೆಗೆ ಹೋಗಿ ಹಾಗೆಯೇ ಹೇಳಿದೆ.

"ಹಾಗಲ್ಲ ಯಜಮಾನ್ರೇ," ಎಂದರು ಡಾಕ್ಟರಮ್ಮ. "ನಿಮ್ಮ ಸ್ಟೆಮ್ ಸೆಲ್, ಅಂದ್ರೆ ರಕ್ತ ಹುಟ್ಟಿಸೋ ಕಣ, ಅವರ ಮೈಗೆ ಹೋಗ್ತವೆ. ಕೆಲವು ಸಲ ಆ ಮೈ ತಮ್ಮದಲ್ಲ ಅಂತ ಅದರ ಮೇಲೇ ಜಗಳಕ್ಕೆ ನಿಲ್ತವೆ. ಜಿವಿಎಚ್‌ಡಿ ಅಂತೀವಿ. ಜೋರಾದ್ರೆ ಜೀವಕ್ಕೇ ಅಪಾಯ."

ಬೀದಿಗೆಲ್ಲ ನಾನು ತಾಳ್ಮೆಯ ಮನುಷ್ಯ. ಮನೆಯವರಿಗೆ ಗೊತ್ತು, ಅದು ತಾಳ್ಮೆಯಲ್ಲ, ಮುನಿಸು. ತಂಗಿಯ ಗಂಡ ನನ್ನನ್ನು ಬಿಟ್ಟು ಬೇರೆಯವರಿಗೆ ಮೊದಲು ಚಹಾ ಕೊಟ್ಟನೆಂದು ಎರಡು ವರ್ಷ ಅವನ ಮುಖ ನೋಡಿರಲಿಲ್ಲ. ಇಂಥವನ ಕಣ ಸುಮ್ಮನಿರುತ್ತವೆಯೇ?

ಕಣ ತೆಗೆಯುವ ಮೊದಲೇ ಮುನಿಸನ್ನೆಲ್ಲ ಖಾಲಿ ಮಾಡೋಣವೆಂದು ಅವನ ಬಳಿ ಹೋಗಿ, ಹೆಗಲ ಮೇಲೆ ಕೈಯಿಟ್ಟು "ಚೆನ್ನಾಗಿದ್ದೀಯೇನಪ್ಪಾ?" ಎಂದೆ.

ಅವನ ಮುಖ ಬಿಳಚಿಕೊಂಡಿತು. "ಭಾವ, ಡಾಕ್ಟರು ನಿಮಗೂ ಏನಾದ್ರೂ ಇದೆ ಅಂದ್ರಾ?"

ಆಮೇಲೆ ಆಸ್ಪತ್ರೆಯಲ್ಲಿ, ಕಣ ಸೋಸಿ ತೆಗೆಯುವ ಮಿಷನ್ನಿನ ಪಕ್ಕ ಮಲಗಿದೆ. ಒಂದು ತೋಳಿನಿಂದ ಹೊರಟ ರಕ್ತ, ಕಣಗಳನ್ನು ಅಲ್ಲಿ ಬಿಟ್ಟು, ಇನ್ನೊಂದು ತೋಳಿಗೆ ವಾಪಸಾಗುತ್ತಿತ್ತು. ಕಣಗಳು ಖುಷಿಯಾಗಿ ಹೋಗಲೆಂದು ನಾನು ಹಲ್ಲು ಕಿರಿದುಕೊಂಡೇ ಇದ್ದೆ. "ಅಜ್ಜಾ, ತುಂಬಾ ನೋಯ್ತಿದೆಯಾ?" ಎಂದು ನರ್ಸು ಗಾಬರಿಯಾದಳು. ಕಸಿ ಎಂದರೆ ಕುಯ್ದು ಹೊಲಿಯುವುದೆಂದು ತಿಳಿದಿದ್ದೆ; ತಂಗಿಗೆ ಒಂದು ಚೀಲ ತೂಗುಹಾಕಿ ಹನಿಹನಿಯಾಗಿ ಇಳಿಸಿದರು, ಅಷ್ಟೇ.

ಕೆಲವು ವಾರ ಕಳೆದು, ಕಣಗಳು ಬೇರೂರಿವೆ, ಹೊಸ ರಕ್ತ ಹುಟ್ಟುತ್ತಿದೆ ಎಂದರು. ಅದರ ಬೆನ್ನಿಗೇ ಅವಳ ಅಂಗೈಯಲ್ಲಿ ಕೆಂಪು ದದ್ದು. ಮಾಸ್ಕು ಹಾಕಿಕೊಂಡು ಅವಳ ಮುಂದೆ ನಿಂತೆ.

"ನಂದೇ ತಪ್ಪು ಕಣೇ. ನಿನ್ನ ಮೇಲೊಂದು ಮುನಿಸು ಉಳ್ಕೊಂಡುಬಿಟ್ಟಿತ್ತು."

"ಯಾವ ಮುನಿಸು?"

"ಕೀಲಿ ಉಜ್ಜೋ ನನ್ನ ಹೊಸ ಅರದಲ್ಲಿ ನೀನು ಹಿಮ್ಮಡಿ ಉಜ್ಜಿಕೊಂಡಿದ್ಯಲ್ಲ."

"ಅಣ್ಣಾ, ಆಗಿನ್ನೂ ನಂಗೆ ಮದುವೇನೇ ಆಗಿರ್ಲಿಲ್ಲ!"

ಅವಳ ನಗು ಕೇಳಿ ಡಾಕ್ಟರಮ್ಮ ಒಳಗೆ ಬಂದರು. "ನಿಮ್ಮ ಮುನಿಸಿಗೂ ಇದಕ್ಕೂ ಸಂಬಂಧ ಇಲ್ಲ ಯಜಮಾನ್ರೇ. ಇದು ಸಣ್ಣದು, ಔಷಧಿಗೆ ಬಗ್ಗತ್ತೆ. ಒಂಚೂರು ಜಗಳ ಒಳ್ಳೇದೂ ಹೌದು. ಅಳಿದುಳಿದ ಕ್ಯಾನ್ಸರ್ ಕಣಗಳನ್ನೂ ನಿಮ್ಮ ಕಣಗಳು ಹುಡುಕಿ ಹೊಡೀಬಹುದು."

"ಕೇಳಿದ್ಯಾ?" ಎಂದಳು ತಂಗಿ. "ಜನ್ಮದಲ್ಲಿ ಮೊದಲ್ನೇ ಸಲ ನಿನ್ನಿಂದ ಉಪಕಾರ. ವಾಪಸ್ ಗೀಪಸ್ ಕೇಳ್ಬೇಡ."

ದದ್ದು ಇಳಿಯಿತು. ಮನೆಗೆ ಕರೆದೊಯ್ಯಲು ಅವಳ ಗಂಡ ಕಾರು ತಂದ. ನನಗೆ ಹಿಂದಿನ ಸೀಟಿನಲ್ಲಿ, ಬಕೆಟ್ಟು ದಿಂಬುಗಳ ನಡುವೆ ಜಾಗ ತೋರಿಸಿದ. "ನಾನು ಬಸ್ಸಲ್ಲಿ ಬರ್ತೀನಿ," ಎಂದು ಮುಖ ತಿರುಗಿಸಿದೆ.

"ಹಾಗಾದ್ರೆ ನಾನೂ ಹತ್ತಲ್ಲ," ಎಂದು ತಂಗಿಯೂ ಮುಖ ತಿರುಗಿಸಿದಳು, ಥೇಟ್ ನನ್ನ ಹಾಗೆಯೇ.

ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅಂತೂ ತಂಗಿ ಆಸ್ಪತ್ರೆ ಬಿಟ್ಟು ಹೊರಟಳು.