ಸೋಮವಾರ ಹೊರಟ ಗಂಟು

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ದೊಡವಾಡದ ವಾಡಿಕೆ. ಆದರೆ ಶೆಟ್ಟೆವ್ವನ ಮಗಳು ರೇಣು ಗಂಡನೊಂದಿಗೆ ಮಸ್ಕತ್‌ನಲ್ಲಿದ್ದಳು. ದಿನ ತುಂಬುತ್ತ ಬಂದಿವೆ, ಇನ್ನು ವಿಮಾನ ಹತ್ತಬಾರದು ಎಂದರು ಡಾಕ್ಟರು. ಅಲ್ಲಿ ಹಿರಿಯ ಹೆಂಗಸರು ಯಾರೂ ಇಲ್ಲ. ಹೀಗಾಗಿ ತವರೇ ಮಗಳ ಹತ್ತಿರ ಹೊರಡಬೇಕಾಯಿತು.

ಬೈಲಹೊಂಗಲದಲ್ಲಿ ವಿಮಾನದ ಟಿಕೆಟ್ ತೆಗೆದುಕೊಡುವ ಸ್ನೇಹಲ್ ಅವರ ಓಣಿಯವಳೇ. ಶೆಟ್ಟೆವ್ವನ ಗಂಡ ನೀಲಪ್ಪ ಹೆಂಡತಿಯೊಂದಿಗೆ ಅವಳ ಅಂಗಡಿಗೆ ಬಂದು ಕುಳಿತವನೇ ಹೇಳಿದ.

“ಸೋಮವಾರ ದಿನಾ ಚಲೋ ಐತಿ. ಬೆಳಗಾವಿಯಿಂದ ಮುಂಬೈಕ ಒಂದು ಕಂಪನಿ ಟಿಕೀಟು, ಅಲ್ಲಿಂದ ಮಸ್ಕತ್ತಿಗೆ ಬ್ಯಾರೆ ಕಂಪನೀದು. ತಗದ ಬಿಡವಾ.”

“ಮೊದಲ್ನೇದು ತಡಾ ಆದ್ರ ಏನ್ಮಾಡ್ತೀರಿ ಕಾಕಾ?”

“ಅದರ ಹಿಂದ ಬರೂದು ಹತ್ತತಾಳ. ಧಾರವಾಡ ಬಸ್ ತಪ್ಪಿದ್ರ ಮತ್ತೊಂದು ಹತ್ತೂದಿಲ್ಲೇನು?”

“ಇದು ಧಾರವಾಡ ಬಸ್ ಅಲ್ರಿ. ಟಿಕೀಟು ಬ್ಯಾರೆ ಬ್ಯಾರೆ ಇದ್ರ, ಎರಡನೇ ಕಂಪನ್ಯಾವ್ರು ನೀವು ಹೊತ್ತಿಗೆ ಬರಲಿಲ್ಲ ಅಂತ ಕೈ ತೊಳಕೋತಾರ. ಎರಡೂ ವಿಮಾನ ಒಂದೇ ಟಿಕೀಟಿನ್ಯಾಗ ಇದ್ರ, ಕಾಕೀನ ಮಸ್ಕತ್ತಿಗೆ ಮುಟ್ಟಸೂದು ಅವರ ಹೊಣಿ. ಅಂಥಾದ್ದು ಮಂಗಳವಾರ ಐತಿ.”

“ಮಂಗಳವಾರ ಮನಿ ಬಿಟ್ಟು ಹೊಂಡೂದಾ? ಆಗೂದಿಲ್ಲ.”

ಶೆಟ್ಟೆವ್ವನ ಮನಸ್ಸು ಆಗಲೇ ಮಗಳ ಬಳಿ ಹೋಗಿತ್ತು. ಒಳ್ಳೆಯ ದಿನ ತನ್ನ ಗಂಟನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ ಎಂಬ ಹಿರಿಯರ ಪದ್ಧತಿ ಅವಳಿಗೆ ನೆನಪಾಯಿತು.

“ಸೋಮವಾರ ಪ್ರಸ್ಥಾನ ಇಡೂಣು,” ಎಂದಳು ಮೆಲ್ಲಗೆ. “ನನ್ನ ಗಂಟು ಸ್ನೇಹಲ್ ಮನ್ಯಾಗ ಇರಲಿ. ನಿಮ್ಮವ್ವ ಕಾಶಿಗೆ ಹಂಗ ಹೋಗಿರಲಿಲ್ಲೇನು?”

ಸ್ನೇಹಲ್ ನಕ್ಕಳು. “ನಮ್ಮ ಮನ್ಯಾಗ ಬುದ್ಧನ ಫೋಟೋ ಐತಿ, ಪಂಚಾಂಗ ಇಲ್ರಿ ಕಾಕಿ. ಗಂಟಿಗೆ ಜಾಗಾ ಐತಿ.”

“ಗಂಟಿಗೆ ಅಷ್ಟ ಸಾಕು,” ಎಂದ ನೀಲಪ್ಪ. ತಾಯಿಯ ಹೆಸರು ಬಂದ ಮೇಲೆ ಅವನು ಸೋತಿದ್ದ.

ಸೋಮವಾರ ಗಂಟು ಸ್ನೇಹಲ್ ಮನೆ ಸೇರಿತು. ಮಂಗಳವಾರ ಅದನ್ನೆತ್ತಿಕೊಂಡು ಶೆಟ್ಟೆವ್ವ ಬೆಳಗಾವಿಯ ವಿಮಾನ ನಿಲ್ದಾಣ ಮುಟ್ಟಿದರೆ, ವಿಮಾನದ ಯಂತ್ರ ಕೆಟ್ಟಿತ್ತು. ಮಧ್ಯಾಹ್ನ ಇಳಿದರೂ ವಿಮಾನ ಹತ್ತುವ ಕರೆ ಬರಲಿಲ್ಲ. ಸೆರಗಿನ ತುದಿಗೆ ಕಟ್ಟಿದ್ದ ಸವದತ್ತಿ ಯಲ್ಲಮ್ಮನ ಭಂಡಾರದ ಅರಿಸಿನ ಹಿಡಿದು ಶೆಟ್ಟೆವ್ವ ಸುಮ್ಮನೆ ಕುಳಿತಿದ್ದಳು. ಸ್ನೇಹಲ್ ಫೋನ್ ಮಾಡಿದಳು.

“ಉಂಡ್ರಿಲ್ಲೋ ಕಾಕಿ?”

“ಬುತ್ತಿ ದೊಡ್ಡ ಚೀಲದಾಗ ಒಳಗ ಹೋತವಾ.”

“ಕೌಂಟರಿನ್ಯಾಗ ಕೇಳ್ರಿ.”

“ಪರಮಂದೀನ ಅನ್ನಾ ಕೇಳಲೇನು?”

“ಬೇಡೂದಲ್ರಿ ಅದು. ಹೊತ್ತಿಗೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ, ವಿಮಾನ ಬಾಳ ತಡಾ ಆದ್ರ ತಿನ್ನಾಕ ಕೊಡಬೇಕಂತ ಸರಕಾರದ ನಿಯಮನ ಐತಿ. ಮುಂದಿನ ವಿಮಾನದ್ದೂ ಕೇಳ್ರಿ.”

ಶೆಟ್ಟೆವ್ವ ಎದ್ದು ಕೌಂಟರಿಗೆ ಹೋದಳು. “ತಂಗೀ, ಮಸ್ಕತ್ತಿನ ಮಟಾ ನಂದು ಒಂದ ಟಿಕೀಟು. ಮಗಳ ಬಾಣಂತನಕ್ಕ ಹೊಂಟೇನಿ. ಊಟದ್ದೇನು, ಮುಂದಿಂದೇನು ಹೇಳು.”

ಮಸ್ಕತ್ ವಿಮಾನ ತಪ್ಪಿದರೆ ಮುಂಬೈಯಲ್ಲಿ ನಮ್ಮವರೇ ಬೇರೆಯದು ಕೊಡುತ್ತಾರೆ ಎಂದು ಹೇಳಿ, ಕೌಂಟರಿನ ಹುಡುಗಿ ಉಪ್ಪಿಟ್ಟು, ಚಹಾ ತರಿಸಿದಳು. ಅದನ್ನು ಕಂಡು, ಸುಮ್ಮನೆ ಕುಳಿತಿದ್ದ ಇನ್ನೂ ಕೆಲವರು ಎದ್ದು ಬಂದರು.

ಮುಂಬೈ ಮುಟ್ಟುವಷ್ಟರಲ್ಲಿ ಮಸ್ಕತ್ ವಿಮಾನ ಹೋಗಿಬಿಟ್ಟಿತ್ತು. ಕಂಪನಿಯವರು ಶೆಟ್ಟೆವ್ವನಿಗೆ ತಂಗಲು ಕೋಣೆ ಕೊಟ್ಟು, ಮರುದಿನದ ವಿಮಾನದಲ್ಲಿ ಕೂರಿಸಿದರು. ಅದೇ ವಿಮಾನದಲ್ಲಿ ಬಂದು ಮಸ್ಕತ್‌ಗೇ ಹೊರಟಿದ್ದ ರಾಮದುರ್ಗದ ಜಟ್ಟೆಪ್ಪನದು ಬೇರೆ ಬೇರೆ ಟಿಕೆಟ್. ಅವನು ಹೊಸ ಟಿಕೆಟ್ ಕೊಂಡೇ ಮುಂದೆ ಹೋಗಬೇಕಾಯಿತು.

ಅವ್ವ ಬಂದ ಸಂಜೆಯೇ ರೇಣುವಿಗೆ ನೋವು ಕಾಣಿಸಿತು. ಹೆಣ್ಣು ಕೂಸು ಹುಟ್ಟಿತು. ಕೂಸಿನ ಹಣೆಗೆ ಭಂಡಾರ ಹಚ್ಚಿ ಶೆಟ್ಟೆವ್ವ ಊರಿಗೆ ಫೋನ್ ಮಾಡಿದಳು.

“ಮಂಗಳವಾರನೂ ಕೆಟ್ಟ ದಿನಾ ಅಲ್ಲ ಬಿಡು,” ಎಂದ ನೀಲಪ್ಪ.

“ನಾ ಹೊಂಟದ್ದು ಸೋಮವಾರ,” ಎಂದಳು ಶೆಟ್ಟೆವ್ವ.

ಅಕ್ಕಂದಿರೇ, ಅಣ್ಣಂದಿರೇ, ಪರದೇಶಕ್ಕೆ ಹೊರಡುವಾಗ ಆದಷ್ಟೂ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ತೆಗೆಸಿ. ವಿಮಾನ ತಡವಾದರೆ ತಿಂಡಿ ಕೇಳಿ. ಆರು ತಾಸಿಗಿಂತ ಹೆಚ್ಚು ತಡವೆಂದರೆ ಬೇರೆ ವಿಮಾನವನ್ನೋ ಟಿಕೆಟಿನ ಹಣವನ್ನೋ ಕೇಳಬಹುದು. ಮಂಜು, ಬಿರುಗಾಳಿಯಿಂದ ತಡವಾದಾಗ ಪರಿಹಾರದ ಹಣ ಸಿಗದೆ ಇರಬಹುದು, ಆಗಲೂ ಕೇಳಿ ತಿಳಿದುಕೊಳ್ಳಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಕಂಪನಿ ಕಿವಿಗೊಡದಿದ್ದರೆ ಸರಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡಿ. ದೇವರನ್ನು ನೆನೆದು ಹೊರಡಿ, ಆದರೆ ದಾರಿಯಲ್ಲಿ ಹಸಿದು ಸುಮ್ಮನೆ ಕೂರಬೇಡಿ.